ಹೊಟ್ಟೆ ಉಬ್ಬರಕ್ಕೆ ಇಂಗಿನ ಮಜ್ಜಿಗೆ: ಮಾಡುವುದು ಹೇಗೆ, ಯಾರಿಗೆ ಬೇಡ?

ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ ಅಂತಾರೆ. ಅಡುಗೆಗೇನೋ ಸರಿ, ಮದ್ದಿಗೆ ಬಳಸುವಾಗ ಸ್ವಲ್ಪ ತಿಳಿದುಕೊಂಡಿರಬೇಕು. ಅಫ್ಗಾನಿಸ್ತಾನ, ಇರಾನ್‌ನ ಒಣ ಬೆಟ್ಟಗಳಲ್ಲಿ ಬೆಳೆಯುವ ಒಂದು ಗಿಡದ ದಪ್ಪ ಬೇರನ್ನು ಕೊಯ್ದಾಗ ಒಸರುವ ಹಾಲು ಗಟ್ಟಿಯಾದರೆ ಅದೇ ಇಂಗು. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ 2020ರಲ್ಲಿ ಇದರ ಸಸಿಗಳನ್ನು ನೆಟ್ಟರು.

ಮೊದಲು ಡಬ್ಬಿಯ ಮೇಲಿನ ಬರಹ ಓದಿ. ನಾವು ಕೊಳ್ಳುವ ಪುಡಿ ಇಂಗಿನಲ್ಲಿ ಗೋಂದು, ಮೈದಾ ಅಥವಾ ಅಕ್ಕಿಹಿಟ್ಟು ಸೇರಿರುತ್ತದೆ. ಗೋಧಿ ಆಗದವರು ಇದನ್ನು ನೋಡಲೇಬೇಕು.

ಮಜ್ಜಿಗೆಗೆ ಗಟ್ಟಿ ಇಂಗಾದರೆ ಮೆಂತ್ಯ ಕಾಳಿನಷ್ಟು ಸಾಕು. ಪುಡಿಯಾದರೆ ಎರಡು ಬೆರಳಿನ ಚಿಟಿಕೆ. ಒಂದು ಚಮಚ ತುಪ್ಪ ಬಿಸಿ ಮಾಡಿ, ಉರಿ ಸಣ್ಣ ಮಾಡಿ ಇಂಗು ಹಾಕಿ. ಹಸಿ ಇಂಗಿನ ಗಂಧಕದ ಘಾಟು ಹೋಗಿ, ಬೆಳ್ಳುಳ್ಳಿ ಹುರಿದಂಥ ಘಮ ಬರಬೇಕು. ಗಟ್ಟಿ ತುಂಡು ಉಬ್ಬುತ್ತದೆ, ಚಮಚದ ಹಿಂಬದಿಯಿಂದ ಒತ್ತಿದರೆ ಪುಡಿಯಾಗುತ್ತದೆ. ಕಪ್ಪಾದರೆ ಕಹಿ, ಚೆಲ್ಲಿ ಮತ್ತೆ ಮಾಡಿ. ಒಂದು ಲೋಟ ನೀರು ಮಜ್ಜಿಗೆಗೆ ಇದನ್ನು ಸುರಿದು, ಉಪ್ಪು, ಜೀರಿಗೆ ಪುಡಿ ಬೆರೆಸಿ ಊಟದ ಮೇಲೆ ಕುಡಿಯಿರಿ. ಹುರುಳಿ, ಅಲಸಂದೆ ತಿಂದು ಹೊಟ್ಟೆ ಬಿಗಿದ ದಿನ ನನಗಂತೂ ಇದೇ ಬೇಕು. ಜಾಸ್ತಿ ಹಾಕಿದರೆ ಜಾಸ್ತಿ ಗುಣ ಅಂತ ಅಂದುಕೊಳ್ಳಬೇಡಿ. ಹೊಟ್ಟೆ ಉರಿ, ಭೇದಿ ಶುರುವಾಗಬಹುದು.

ಕೂಸಿನ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ಮಾತು: ಬಾಯಿಗೆ ಇಂಗು ಹಾಕಲೇಬೇಡಿ. ಐದು ವಾರದ ಮಗುವಿಗೆ ಇಂಗು ಕೊಟ್ಟ ಮೇಲೆ ರಕ್ತಕ್ಕೆ ಆಮ್ಲಜನಕ ಸಾಗಿಸುವ ಶಕ್ತಿಯೇ ಕುಂದಿದ ಪ್ರಕರಣ ದಾಖಲಾಗಿದೆ. ಹೊಕ್ಕುಳಿನ ಸುತ್ತ ಹಚ್ಚುವ ರೂಢಿ ನಮ್ಮಲ್ಲಿದೆ, ಅಲ್ವಾ? ಎಳೆ ಚರ್ಮ ಕೆಂಪಾಗಬಹುದು, ವೈದ್ಯರನ್ನು ಕೇಳದೆ ಅದೂ ಬೇಡ.

ಬಸುರಿಯರು, ಹಾಲೂಡಿಸುವ ತಾಯಂದಿರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಸಾರಿನ ಒಗ್ಗರಣೆಗೆ ಹೆದರಬೇಕಿಲ್ಲ. ಮದ್ದಿನಂತೆ ದಿನವೂ ತೆಗೆದುಕೊಳ್ಳುವುದು ಮಾತ್ರ ಬೇಡ. ಆಪರೇಷನ್ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಎದೆ ಹಿಂಡಿದಂತಾಗಿ, ಬೆವರು ಬಂದು, ಎಡಗೈ ಸೆಳೆಯುತ್ತಿದ್ದರೆ ‘ಗ್ಯಾಸ್ ಇರಬೇಕು’ ಅಂತ ಇಂಗು ಹುರಿಯುತ್ತಾ ಕೂರಬೇಡಿ. ಒಲೆ ಆರಿಸಿ, ತಕ್ಷಣ ಆಸ್ಪತ್ರೆಗೆ ಹೋಗಿ.