ಪೆನ್ಸಿಲ್ವೇನಿಯಾದಲ್ಲಿ ಮೆಡಿಕಲ್ ಮರಿವಾನಾ ಕಾರ್ಡ್: ಮೊದಲು ಪಾಸ್‌ಪೋರ್ಟ್ ನೋಡಿ, ಆಮೇಲೆ ಡಾಕ್ಟರ್

ಪೆನ್ಸಿಲ್ವೇನಿಯಾದಲ್ಲಿ ಮೆಡಿಕಲ್ ಮರಿವಾನಾ ಕಾರ್ಡ್, ಅಂದರೆ ಗಾಂಜಾವನ್ನು ಔಷಧಿಯಾಗಿ ಕೊಳ್ಳಲು ರಾಜ್ಯ ಕೊಡುವ ಕಾರ್ಡ್, ಮಾಡಿಸುವುದು ಹೇಗೆ ಅಂತ ನಮ್ಮವರು ಕೇಳುವುದು ಯಾವಾಗಲೂ ಮೆಲುದನಿಯಲ್ಲಿ. ಪಿಟ್ಸ್‌ಬರ್ಗ್ ಪಕ್ಕದ ಪೆನ್ ಹಿಲ್ಸ್ ದೇವಸ್ಥಾನದಲ್ಲಿ ಪುಳಿಯೋಗರೆ ತಟ್ಟೆ ಹಿಡಿದುಕೊಂಡೇ ಪಕ್ಕಕ್ಕೆ ಕರೆಯುತ್ತಾರೆ. ತಾಯಿಗೋ ಗಂಡನಿಗೋ ತಡೆಯಲಾಗದ ನೋವು ಇರುತ್ತದೆ. ಯಾವ ಕಾಯಿಲೆ ಅಂತ ನಾನು ಆಮೇಲೆ ಕೇಳುತ್ತೇನೆ. ಮೊದಲು ಕೇಳುವುದು, "ಅವರದ್ದು ಯಾವ ಪಾಸ್‌ಪೋರ್ಟ್?" ಅಂತ.

ನಾನು ಡಾಕ್ಟರೂ ಅಲ್ಲ, ವಕೀಲಳೂ ಅಲ್ಲ. ಅಮ್ಮನಿಗೆ ಕಾರ್ಡ್ ಮಾಡಿಸಿ, ಅವರ ಕೇರ್‌ಗಿವರ್ (ರೋಗಿಯ ಪರವಾಗಿ ಔಷಧಿ ತರಲು ಅನುಮತಿ ಇರುವವರು) ಆಗಿ ಹೆಸರು ಬರೆಸಿಕೊಂಡು, ಪ್ರತಿ ವರ್ಷ ರಿನ್ಯೂ ಮಾಡಿಸುತ್ತಿರುವ ಮಗಳು. ಅಮ್ಮ ತಿಪಟೂರಿನವರು. ಈಗ ನಮ್ಮ ಜೊತೆ ಮನ್ರೋವಿಲ್‌ನಲ್ಲಿದ್ದಾರೆ. ಸ್ತನ ಕ್ಯಾನ್ಸರ್‌ಗೆ ಕೀಮೋ ಆದ ಮೇಲೆ ಕೈಕಾಲಿನ ನರಗಳಿಗೆ ಪೆಟ್ಟು ಬಿತ್ತು. ಹಗಲೆಲ್ಲ ಜೋಮು, ರಾತ್ರಿ ಅಂಗಾಲಲ್ಲಿ ಬೆಂಕಿ. ನರದ ನೋವಿಗೆ ಗ್ಯಾಬಪೆಂಟಿನ್ ಅನ್ನುವ ಔಷಧಿ ಕೊಟ್ಟರೆ ತಲೆ ಸುತ್ತಿ ಗೋಡೆ ಹಿಡಿದು ನಡೆಯುವ ಹಾಗಾಗುತ್ತಿತ್ತು. ಆಗ ಕ್ಯಾನ್ಸರ್ ಡಾಕ್ಟರೇ ಈ ದಾರಿ ಹೇಳಿದರು. ಅಮ್ಮ ಅಮೆರಿಕದ ಪ್ರಜೆ. ಅದಕ್ಕೇ ನಾವು ಧೈರ್ಯವಾಗಿ ಮುಂದೆ ಹೋದೆವು.

ಪ್ರಜೆ ಆಗಿದ್ದರೆ ಮಾತ್ರ ಯಾಕೆ? ಇಲ್ಲಿ ಎರಡು ಕಾನೂನು ಇವೆ. ಪೆನ್ಸಿಲ್ವೇನಿಯಾದ್ದು ಆಕ್ಟ್ 16, ಮೆಡಿಕಲ್ ಮರಿವಾನಾಕ್ಕೆ ಅನುಮತಿ ಕೊಟ್ಟದ್ದು. ಆಗಿನ ಗವರ್ನರ್ ಟಾಮ್ ವುಲ್ಫ್ 2016ರ ಏಪ್ರಿಲ್ 17ರಂದು ಸಹಿ ಹಾಕಿದರು, 2018ರ ಫೆಬ್ರುವರಿಯಲ್ಲಿ ಮಾರಾಟ ಶುರುವಾಯಿತು. ಇನ್ನೊಂದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕಾನೂನು, 1970ರ ನಿಯಂತ್ರಿತ ವಸ್ತುಗಳ ಕಾಯ್ದೆ. ಆ ಕಾಯ್ದೆಯಲ್ಲಿ ಮರಿವಾನಾ ನಿಯಂತ್ರಿತ ಮಾದಕ ವಸ್ತು, ರಾಜ್ಯ ಕೊಟ್ಟ ಕಾರ್ಡ್ ಲೆಕ್ಕಕ್ಕಿಲ್ಲ. ವೀಸಾ, ಗ್ರೀನ್ ಕಾರ್ಡ್, ಪೌರತ್ವ ಎಲ್ಲವೂ ಫೆಡರಲ್ ಸರ್ಕಾರದ ಕೈಯಲ್ಲಿವೆ. ಪೌರತ್ವ ಕೊಡುವ ಇಲಾಖೆ 2019ರ ಏಪ್ರಿಲ್‌ನಲ್ಲಿ ಇದನ್ನು ಬರೆದೇ ಹೇಳಿತು: ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಮರಿವಾನಾ ಬಳಸಿದ್ದು, ಇಟ್ಟುಕೊಂಡಿದ್ದು ಪೌರತ್ವಕ್ಕೆ ಬೇಕಾದ 'ಒಳ್ಳೆಯ ನಡತೆ'ಗೆ ಅಡ್ಡ ಬರಬಹುದು.

ಇದಕ್ಕೆ ಕೇಸು ಬೀಳಬೇಕು, ಶಿಕ್ಷೆ ಆಗಬೇಕು ಅಂತೇನೂ ಇಲ್ಲ. ಅಧಿಕಾರಿ ಕೇಳಿದಾಗ "ಹೌದು, ನನ್ನ ಹತ್ತಿರ ಇತ್ತು" ಅಂತ ಒಪ್ಪಿಕೊಂಡರೂ ಸಾಕು, ತೊಂದರೆ ಶುರುವಾಗಬಹುದು. ಸುಳ್ಳು ಹೇಳಿದರೆ ಅದು ಬೇರೆಯೇ ಅಪರಾಧ. ಹಾಗಾಗಿ ಎಚ್-1ಬಿ, ಎಚ್-4, ಎಫ್-1 ವೀಸಾ, ಗ್ರೀನ್ ಕಾರ್ಡ್, ಇದರಲ್ಲಿ ಯಾವುದೇ ಇದ್ದರೂ ಇಮಿಗ್ರೇಷನ್ ವಕೀಲರನ್ನು ಕೇಳದೆ ಈ ಕಾರ್ಡಿಗೆ ಅರ್ಜಿ ಹಾಕಬೇಡಿ. ಹತ್ತು ಹದಿನೈದು ವರ್ಷ ಗ್ರೀನ್ ಕಾರ್ಡಿಗೆ ಕಾದಿರುತ್ತೀರಿ, ಅದನ್ನು ಪಣಕ್ಕೆ ಇಡುವುದು ಬೇಡ. ಬೇಸಿಗೆಯಲ್ಲಿ ಆರು ತಿಂಗಳಿಗೆ ಬರುವ ಅಪ್ಪ ಅಮ್ಮನಿಗಂತೂ ಈ ದಾರಿಯೇ ಇಲ್ಲ. ಕಾರ್ಡು ಪೆನ್ಸಿಲ್ವೇನಿಯಾದ ನಿವಾಸಿಗಳಿಗೆ ಮಾತ್ರ.

ಇನ್ನೂ ಒಂದು ಸಂಗತಿ ಎಷ್ಟೋ ಜನರ ಗಮನಕ್ಕೆ ಬರುವುದಿಲ್ಲ. ತಾಯಿ ಪ್ರಜೆ, ಮಗ ಎಚ್-1ಬಿ ಅಂತ ಇಟ್ಟುಕೊಳ್ಳಿ. ಮಗ ಕೇರ್‌ಗಿವರ್ ಆಗಿ ಅಂಗಡಿಯಿಂದ ತಂದುಕೊಟ್ಟರೆ, ಫೆಡರಲ್ ಕಣ್ಣಿಗೆ ಅವನು ಆ ವಸ್ತುವನ್ನು ಇಟ್ಟುಕೊಂಡವನು, ಇನ್ನೊಬ್ಬರ ಕೈಗೆ ದಾಟಿಸಿದವನು. ರೋಗಿಗಿಂತ ಅವನಿಗೇ ಅಪಾಯ ಜಾಸ್ತಿ. ಮನೆಯಲ್ಲಿ ಪ್ರಜೆ ಆಗಿರುವವರು ಯಾರಿದ್ದಾರೋ ಅವರೇ ಕೇರ್‌ಗಿವರ್ ಆಗಲಿ.

ಪ್ರಜೆ ಅಲ್ಲದವರು ಸುಮ್ನೆ ನೋವು ತಿನ್ನಬೇಕಾ? ಬೇಡ. ಡ್ರೊನಾಬಿನಾಲ್ ಅನ್ನುವ ಮಾತ್ರೆ ಇದೆ. ಗಾಂಜಾದ ಮುಖ್ಯ ಅಂಶ ಟಿಎಚ್‌ಸಿಯನ್ನೇ ಕಾರ್ಖಾನೆಯಲ್ಲಿ ತಯಾರಿಸಿದ್ದು. ಕೀಮೋದ ವಾಂತಿಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದೆ. ಕೆಲವು ಕಷ್ಟದ ಫಿಟ್ಸ್ ಕಾಯಿಲೆಗಳಿಗೆ ಎಪಿಡಿಯೊಲೆಕ್ಸ್ ಇದೆ, 2018ರಲ್ಲಿ ಒಪ್ಪಿಗೆ ಸಿಕ್ಕಿದ್ದು. ಇವನ್ನು ಡಾಕ್ಟರ್ ಚೀಟಿ ಬರೆದು, ಫಾರ್ಮಸಿಯಿಂದ ಫೆಡರಲ್ ಕಾನೂನಿನ ಒಳಗೇ ತರಬಹುದು. ನರದ ನೋವಿಗೆ ಡುಲೊಕ್ಸೆಟಿನ್‌ನಂಥ ಔಷಧಿಗಳೂ ಇವೆ. ಡಾಕ್ಟರ್ ಹತ್ತಿರ "ನನಗೆ ಕಾರ್ಡ್ ಬೇಡ, ಚೀಟಿಯಲ್ಲಿ ಏನಿದೆ ಹೇಳಿ" ಅಂತ ನೇರವಾಗಿ ಕೇಳಿ.

ಪಾಸ್‌ಪೋರ್ಟ್ ವಿಷಯ ಇತ್ಯರ್ಥವಾದರೆ ಮುಂದಿನದು ಅಷ್ಟು ಕಷ್ಟವಲ್ಲ.

ಕಾಯಿಲೆ ರಾಜ್ಯದ ಪಟ್ಟಿಯಲ್ಲಿ ಇರಬೇಕು. ಕ್ಯಾನ್ಸರ್, ಪಾರ್ಕಿನ್ಸನ್, ಮೂರ್ಛೆ ರೋಗ, ಮಲ್ಟಿಪಲ್ ಸ್ಕ್ಲೆರೋಸಿಸ್, ಗ್ಲಾಕೋಮಾ, ಕ್ರೋನ್ಸ್, ಆಟಿಸಂ, ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ತೊಂದರೆ), ನ್ಯೂರೋಪಥಿ (ನರದ ತೊಂದರೆ), ಬಹಳ ಕಾಲದಿಂದ ಬಿಡದ ತೀವ್ರ ನೋವು ಎಲ್ಲ ಅದರಲ್ಲಿವೆ. ಆತಂಕದ ಕಾಯಿಲೆಯನ್ನು 2019ರ ಜುಲೈನಲ್ಲಿ ಸೇರಿಸಿದರು. ಬರೀ ನಿದ್ದೆ ಬಾರದಿರುವುದು ಪಟ್ಟಿಯಲ್ಲಿಲ್ಲ. ಸಕ್ಕರೆ ಕಾಯಿಲೆಯೂ ಇಲ್ಲ. ಆದರೆ ಅದರಿಂದ ಬರುವ ನರದ ತೊಂದರೆ ನ್ಯೂರೋಪಥಿ ಅನ್ನುವುದರಲ್ಲಿ ಬರುತ್ತದೆ. ನಮ್ಮಲ್ಲಿ ಎಷ್ಟು ಜನ ಹಿರಿಯರಿಗೆ ಪಾದ ಉರಿ ಇದೆ, ಅಲ್ವಾ? ಅವರ ಆಸ್ಪತ್ರೆ ಕಾಗದದಲ್ಲಿ 'ಡಯಾಬಿಟೀಸ್' ಅಂತಷ್ಟೇ ಇದ್ದರೆ ಸಾಲದು. ನರದ ತೊಂದರೆಯ ಹೆಸರೂ ಅದರಲ್ಲಿ ಬರೆದಿರಬೇಕು. ಮೊದಲೇ ನಿಮ್ಮ ಮಾಮೂಲಿ ಡಾಕ್ಟರ್ ಹತ್ತಿರ ಆ ದಾಖಲೆ ಸರಿ ಮಾಡಿಸಿಕೊಳ್ಳಿ.

ನಂತರ ರಾಜ್ಯದ ಆರೋಗ್ಯ ಇಲಾಖೆಯ ವೆಬ್‌ಸೈಟಿನಲ್ಲಿ ರೋಗಿಯ ಹೆಸರು ನೋಂದಾಯಿಸಬೇಕು. ಅಲ್ಲಿಯೇ, ಬೇರೆಲ್ಲೂ ಬೇಡ. "ಹತ್ತು ನಿಮಿಷದಲ್ಲಿ ಕಾರ್ಡ್" ಅಂತ ಜಾಹೀರಾತು ಹಾಕುವ ಏಜೆಂಟರ ಸೈಟುಗಳು ಬೇಕಾದಷ್ಟಿವೆ. ನಮ್ಮ ಪರಿಚಯದವರೊಬ್ಬರು ಅಂಥ ಒಂದರಲ್ಲಿ ದುಡ್ಡು ಕಟ್ಟಿ, ಕೊನೆಗೆ ರಾಜ್ಯದ ಸೈಟಿನಲ್ಲಿ ತಾವೇ ಎಲ್ಲ ತುಂಬಬೇಕಾಯಿತು. ನೋಂದಣಿಗೆ ದುಡ್ಡಿಲ್ಲ.

ನಮ್ಮವರ ಅರ್ಜಿ ಎಡವುವುದು ಹೆಸರಿನಲ್ಲಿ. ಪೆನ್ಸಿಲ್ವೇನಿಯಾದ ಡ್ರೈವಿಂಗ್ ಲೈಸೆನ್ಸ್ ಅಥವಾ ರಾಜ್ಯದ ಸಾರಿಗೆ ಇಲಾಖೆ ಪೆನ್‌ಡಾಟ್ ಕೊಡುವ ಗುರುತಿನ ಚೀಟಿಯಲ್ಲಿ ಹೆಸರು, ವಿಳಾಸ ಹೇಗಿದೆಯೋ ಹಾಗೇ ತುಂಬಬೇಕು. ನಮ್ಮ ಕಡೆ ಊರಿನ ಹೆಸರು ಮುಂದೆ, ತಂದೆಯ ಹೆಸರು ಹಿಂದೆ, ನಡುವೆ ಒಂದು ಇನಿಶಿಯಲ್. ಪಾಸ್‌ಪೋರ್ಟಿನಲ್ಲಿ ಒಂದು ಥರ, ಮೆಡಿಕೇರ್ ಕಾರ್ಡಿನಲ್ಲಿ ಇನ್ನೊಂದು ಥರ. ಲೈಸೆನ್ಸಿನಲ್ಲಿ ಇರುವುದನ್ನೇ ಹಿಡಿದುಕೊಳ್ಳಿ, ಡಾಕ್ಟರ್ ಹತ್ತಿರವೂ ಅದೇ ಹೆಸರು ಕೊಡಿ. ಮನೆ ಬದಲಿಸಿದ್ದರೆ ಮೊದಲು ಪೆನ್‌ಡಾಟ್‌ನಲ್ಲಿ ವಿಳಾಸ ತಿದ್ದಿಸಿ. ಕಾರು ಓಡಿಸದ ಹಿರಿಯರಿಗೆ ಲೈಸೆನ್ಸ್ ಇಲ್ಲದಿದ್ದರೆ ಗುರುತಿನ ಚೀಟಿ ಮಾಡಿಸಿ.

ನೋಂದಣಿ ಆದ ಮೇಲೆ ಡಾಕ್ಟರ್. ಎಲ್ಲ ಡಾಕ್ಟರೂ ಆಗುವುದಿಲ್ಲ. ನಾಲ್ಕು ಗಂಟೆಯ ತರಬೇತಿ ಮುಗಿಸಿ ರಾಜ್ಯದ ಪಟ್ಟಿಯಲ್ಲಿ ಹೆಸರಿರುವವರೇ ಆಗಬೇಕು. ಪಟ್ಟಿ ಇಲಾಖೆಯ ಸೈಟಿನಲ್ಲಿದೆ. ಅವರು ಕೊಡುವುದು ಔಷಧಿ ಚೀಟಿಯಲ್ಲ, 'ಈ ರೋಗಿಗೆ ಪಟ್ಟಿಯಲ್ಲಿರುವ ಕಾಯಿಲೆ ಇದೆ' ಅನ್ನುವ ಪ್ರಮಾಣಪತ್ರ. ಅದು ನೇರವಾಗಿ ರಾಜ್ಯದ ಕಂಪ್ಯೂಟರಿಗೆ ಹೋಗುತ್ತದೆ. ವಿಮೆ ಇದಕ್ಕೆ ಬರುವುದಿಲ್ಲ, ಫೀಸು ಕೈಯಿಂದಲೇ. ಒಬ್ಬೊಬ್ಬರದು ಒಂದೊಂದು ರೇಟು, ಮೊದಲೇ ಕೇಳಿ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ, ಊರಿಂದ ತರಿಸಿದ ಆಯುರ್ವೇದದ್ದೂ ಸೇರಿಸಿ. ರಕ್ತ ತೆಳು ಮಾಡುವ ವಾರ್ಫರಿನ್ ತೆಗೆದುಕೊಳ್ಳುವವರು ಅದನ್ನು ಖಂಡಿತ ಹೇಳಬೇಕು. ಗಾಂಜಾದ ಇನ್ನೊಂದು ಅಂಶ ಸಿಬಿಡಿ ಅದರ ಪ್ರಭಾವ ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿ ಮಾಡಬಹುದು.

ಪ್ರಮಾಣಪತ್ರ ಬಂದ ಮೇಲೆ ಮತ್ತೆ ಲಾಗಿನ್ ಆಗಿ 50 ಡಾಲರ್ ಕಟ್ಟಿದರೆ ಕಾರ್ಡು ಅಂಚೆಯಲ್ಲಿ ಬರುತ್ತದೆ. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಮೆಡಿಕೇಡ್, ಸ್ನ್ಯಾಪ್‌ನಂಥ ನೆರವು ಪಡೆಯುವವರಿಗೆ ಈ ಶುಲ್ಕದಲ್ಲಿ ರಿಯಾಯಿತಿ ಇದೆ. ಸುಮ್ನೆ ಪೂರ್ತಿ ಕಟ್ಟಬೇಡಿ.

ಕೇರ್‌ಗಿವರ್ ಆಗುವವರಿಗೆ 21 ತುಂಬಿರಬೇಕು. ಬೆರಳಚ್ಚು ಕೊಟ್ಟು ಎಫ್‌ಬಿಐ ತಪಾಸಣೆ ಆಗಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ರೋಗಿಯ ಅರ್ಜಿಯ ಜೊತೆಜೊತೆಗೇ ಶುರು ಮಾಡಿ. ಅಮ್ಮನಿಗೆ ಚಳಿಗಾಲದಲ್ಲಿ ಮನೆ ಬಿಟ್ಟು ಬರಲು ಆಗುವುದಿಲ್ಲ. ನನ್ನ ಹತ್ತಿರ ಕೇರ್‌ಗಿವರ್ ಕಾರ್ಡ್ ಇರುವುದರಿಂದ ನಾನೊಬ್ಬಳೇ ಹೋಗಿ ತರಬಹುದು.

ಅಂಗಡಿಗೆ ಇಲ್ಲಿ ಡಿಸ್ಪೆನ್ಸರಿ ಅನ್ನುತ್ತಾರೆ. ಬಾಗಿಲಲ್ಲೇ ಕಾರ್ಡ್ ನೋಡಿ ಒಳಗೆ ಬಿಡುತ್ತಾರೆ. ಮೊದಲ ಸಲ ಹೋದಾಗ ಫಾರ್ಮಸಿಸ್ಟ್ ಜೊತೆ ನಿಧಾನವಾಗಿ ಮಾತಾಡಿ. ವಿಷಯ ತಿಳಿಸಿದ ದಿನ ಅಮ್ಮ, "ಅಯ್ಯೋ, ಈ ವಯಸ್ಸಲ್ಲಿ ನನಗೆ ಗಾಂಜಾ ಸೇದಿಸ್ತೀಯೇನೇ?" ಅಂದಿದ್ದರು. ಸೇದುವ ಪ್ರಶ್ನೆಯೇ ಇಲ್ಲ. ಹೊಗೆ ಸೇದುವುದಕ್ಕೆ ಈ ರಾಜ್ಯದಲ್ಲಿ ರೋಗಿಗೂ ಅನುಮತಿ ಇಲ್ಲ. ಕ್ಯಾಪ್ಸೂಲ್, ನಾಲಿಗೆ ಕೆಳಗೆ ಹಾಕುವ ಹನಿ, ಎಣ್ಣೆ, ಹಚ್ಚುವ ಮುಲಾಮು, ಆವಿ ಎಳೆಯುವ ಸಾಧನದಲ್ಲಿ ಬಳಸುವ ಒಣ ಎಲೆ ಸಿಗುತ್ತವೆ. ತಿನ್ನುವ ಚಾಕಲೇಟು, ಬಿಸ್ಕತ್ತು ಮಾರುವುದಿಲ್ಲ. ರೋಗಿ ಮನೆಯಲ್ಲಿ ಊಟಕ್ಕೆ ಬೆರೆಸಿಕೊಳ್ಳಲು ಕಾನೂನು ಅಡ್ಡಿ ಮಾಡುವುದಿಲ್ಲ. ಅಮ್ಮ ರಾತ್ರಿ ಮೊಸರನ್ನದ ಮೊದಲ ತುತ್ತಿಗೆ ಹನಿ ಹಾಕಿಕೊಳ್ಳುತ್ತಾರೆ.

ಪ್ರಮಾಣದ ವಿಷಯದಲ್ಲಿ ಅವಸರ ಬೇಡವೇ ಬೇಡ. ವಯಸ್ಸಾದವರಿಗೆ ಟಿಎಚ್‌ಸಿ ಸಾಮಾನ್ಯವಾಗಿ 2.5 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಶುರು ಮಾಡುತ್ತಾರೆ. ನುಂಗಿದ್ದು ಕೆಲಸ ಮಾಡಲು ಒಂದೆರಡು ಗಂಟೆ ಬೇಕು. ಅರ್ಧ ಗಂಟೆಗೇ "ಏನೂ ಆಗಲಿಲ್ಲ" ಅಂತ ಇನ್ನೊಂದು ಡೋಸ್ ತೆಗೆದುಕೊಂಡರೆ ಮಧ್ಯರಾತ್ರಿ ಎದೆ ಡವಡವ, ತಲೆ ಸುತ್ತು. ಬಾತ್‌ರೂಮಿಗೆ ಎದ್ದಾಗ ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ಮೊದಲ ಕೆಲವು ರಾತ್ರಿ ಯಾರಾದರೂ ಪಕ್ಕದಲ್ಲಿ ಮಲಗಿ. ಎಷ್ಟು, ಯಾವಾಗ, ಏನಾಯಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಅಮ್ಮನ ಪುಸ್ತಕ ನೋಡಿಯೇ ಫಾರ್ಮಸಿಸ್ಟ್ ಟಿಎಚ್‌ಸಿ ಮತ್ತು ಸಿಬಿಡಿ ಸಮಸಮ ಇರುವುದಕ್ಕೆ ಬದಲಿಸಿದ್ದು. ಉರಿ ಪೂರ್ತಿ ಹೋಗಿಲ್ಲ, ಆದರೆ ಈಗ ನಿದ್ದೆ ಮಾಡುತ್ತಾರೆ.

ಖರ್ಚಿನ ಬಗ್ಗೆ ಹೇಳುವುದಾದರೆ, ವಿಮೆ ಔಷಧಿಗೂ ಬರುವುದಿಲ್ಲ. ಸೇಲ್ಸ್ ಟ್ಯಾಕ್ಸ್ ಇಲ್ಲ. ನಗದು ಅಥವಾ ಡೆಬಿಟ್ ಕಾರ್ಡ್ ಇಟ್ಟುಕೊಂಡು ಹೋಗಿ. 2021ರ ಆಕ್ಟ್ 44 ಬಂದ ಮೇಲೆ 90 ದಿನಕ್ಕೆ ಆಗುವಷ್ಟು ಒಂದೇ ಸಲ ಕೊಡಬಹುದು. ಆದರೂ ಹೊಸದರಲ್ಲಿ ಸ್ವಲ್ಪವೇ ಕೊಳ್ಳಿ.

ಕಾರು ಓಡಿಸುವ ವಿಷಯದಲ್ಲಿ ನಾನು ಕಟ್ಟುನಿಟ್ಟು. ಪೆನ್ಸಿಲ್ವೇನಿಯಾದ ಡಿಯುಐ, ಅಂದರೆ ಅಮಲಿನಲ್ಲಿ ಗಾಡಿ ಓಡಿಸುವುದರ ವಿರುದ್ಧದ ಕಾನೂನಿನಲ್ಲಿ ಕಾರ್ಡ್ ಇರುವವರಿಗೆ ರಕ್ಷಣೆ ಇಲ್ಲ. ಅಮಲು ಇಳಿದು ದಿನಗಳೇ ಆಗಿದ್ದರೂ ಟಿಎಚ್‌ಸಿಯ ಅಂಶ ರಕ್ತದಲ್ಲಿ ಉಳಿದಿರುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಒಂದು ನ್ಯಾನೋಗ್ರಾಂ ಸಿಕ್ಕರೂ ಕೇಸು ಹಾಕಬಹುದು. ದಿನಾ ಕಾರು ಓಡಿಸಿ ಕೆಲಸಕ್ಕೆ ಹೋಗಬೇಕಾದವರು ಕಾರ್ಡಿಗೆ ಮುಂಚೆಯೇ ಇದನ್ನು ಯೋಚಿಸಬೇಕು. ಕಾರ್ಡ್ ಇದೆ ಅನ್ನುವ ಒಂದೇ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ ಅಂತ ಆಕ್ಟ್ 16 ಹೇಳುತ್ತದೆ. ಆದರೆ ಟ್ರಕ್ ಓಡಿಸುವಂಥ, ಫೆಡರಲ್ ಡ್ರಗ್ ಟೆಸ್ಟ್ ಇರುವ ಕೆಲಸಗಳಿಗೆ ಆ ಮಾತು ನಡೆಯುವುದಿಲ್ಲ. ಫೆಡರಲ್ ನೆರವಿನ ಹಿರಿಯರ ಅಪಾರ್ಟ್‌ಮೆಂಟ್‌ಗಳಲ್ಲಿ ನಮ್ಮವರು ಬಹಳ ಜನ ಇದ್ದಾರೆ. ಅಲ್ಲಿಯೂ ಮನೆಗೇ ಕುತ್ತು ಬರಬಹುದು.

ಔಷಧಿ ಯಾವಾಗಲೂ ಅಂಗಡಿ ಕೊಟ್ಟ ಡಬ್ಬಿಯಲ್ಲೇ ಇರಲಿ, ಕಾರ್ಡ್ ಜೊತೆಯಲ್ಲಿರಲಿ, ಮೊಮ್ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿಡಿ. ರಾಜ್ಯದ ಗಡಿ ದಾಟಿಸಬೇಡಿ, ಪಕ್ಕದ ಒಹಾಯೋಗೂ ಬೇಡ. ಊರಿಗೆ ಹೊರಟಾಗ ಸೂಟ್‌ಕೇಸು, ಕೈಚೀಲ, ಕೋಟಿನ ಜೇಬು ಎಲ್ಲ ಒಮ್ಮೆ ತಡಕಿ ನೋಡಿ. ಭಾರತದಲ್ಲಿ ಮಾದಕ ವಸ್ತುಗಳ ವಿರುದ್ಧ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಪೆನ್ಸಿಲ್ವೇನಿಯಾದ ಕಾರ್ಡ್ ತೋರಿಸಿದರೆ ಯಾರೂ ಬಿಡುವುದಿಲ್ಲ. ಅಮ್ಮ ತಿಪಟೂರಿಗೆ ಹೋಗುವ ಮುಂಚೆ ಡಾಕ್ಟರ್ ಹತ್ತಿರ ಮಾತಾಡಿ, ಆ ದಿನಗಳಿಗೆ ಬೇರೆ ಔಷಧಿ ಬರೆಸಿಕೊಳ್ಳುತ್ತೇವೆ.

ಕಾರ್ಡಿನ ಅವಧಿ ಹೆಚ್ಚೆಂದರೆ ಒಂದು ವರ್ಷ. ರಿನ್ಯೂ ಮಾಡಲು ಮೊದಲು ಡಾಕ್ಟರಿಂದ ಹೊಸ ಪ್ರಮಾಣಪತ್ರ ಆಗಬೇಕು, ಆಮೇಲೆ ಶುಲ್ಕ. ಅವಧಿ ಮುಗಿಯುವ ಎರಡು ತಿಂಗಳ ಮುಂಚೆಯೇ ಡಾಕ್ಟರ್ ಅಪಾಯಿಂಟ್‌ಮೆಂಟ್ ಹಾಕಿಸಿಕೊಳ್ಳಿ. ಕಾರ್ಡಿನ ಅವಧಿ ಮುಗಿದ ಮರುದಿನದಿಂದ ಅಂಗಡಿಯವರು ಕೊಡುವುದಿಲ್ಲ.