ಮಾರುತಿಯ ಸ್ಟೇರಿಂಗ್ ಬಿಚ್ಚಿದ್ದು, ಮತ್ತೆ ಹಾಕಿದ್ದು

ನಟ್ಟು ಬಿಚ್ಚಿ ಅರ್ಧ ಗಂಟೆ ಆಗಿತ್ತು. ಸ್ಟೇರಿಂಗ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಎಳೆದೆ. ಮೊಣಕಾಲು ಒತ್ತಿ ಎಳೆದೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಗ್ಗಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಪ್ಪ, "ಕಾರು ಬಿಚ್ತಿದೀಯೋ, ಕಾರಿನ ಹಲ್ಲು ಕೀಳ್ತಿದೀಯೋ?" ಅಂತ ಕೇಳಿ ಒಳಗೆ ಹೋದರು.

ಕಾರು ನಮ್ಮ ಮನೆಯ 2004ರ ಮಾರುತಿ 800. ಅಪ್ಪ ತೆಗೆದುಕೊಂಡಿದ್ದು, ನಾನು ಓಡಿಸಲು ಕಲಿತಿದ್ದೂ ಅದರಲ್ಲೇ. ಹದಿನೈದು ವರ್ಷ ದಾವಣಗೆರೆ ಬಿಸಿಲಲ್ಲಿ ನಿಂತು ಸ್ಟೇರಿಂಗಿನ ಮೇಲ್ಮೈ ಬಿರುಕು ಬಿಟ್ಟಿತ್ತು. ಬೇಸಿಗೆಯಲ್ಲಿ ಕೈಗೆ ಅಂಟುತ್ತಿತ್ತು. ಕವರ್ ಹಾಕಿದರೆ ಸಾಕಿತ್ತು, ನಿಜ. ಆದರೆ ನನಗೆ ಮೂರು ಕಡ್ಡಿಯ, 350 ಎಂಎಂ ಅಗಲದ, ಚರ್ಮ ಹೊದಿಸಿದ ಸ್ಪೋರ್ಟ್ಸ್ ಸ್ಟೇರಿಂಗ್ ಬೇಕಿತ್ತು. ಸುಮ್ನೆ ಆಸೆ.

ಮುಂದೆ ಹೋಗುವ ಮೊದಲು ಒಂದು ಮಾತು. ನಮ್ಮ 800ರಲ್ಲಿ ಏರ್‌ಬ್ಯಾಗ್ ಇಲ್ಲ. ಅದಕ್ಕೇ ನಾನು ಮನೆ ಮುಂದೆ ಕೂತು ಇದಕ್ಕೆ ಕೈ ಹಾಕಿದ್ದು. 2019ರ ಜುಲೈ 1ರಿಂದ ಹೊಸ ಕಾರುಗಳಿಗೆಲ್ಲ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ. ಅದಕ್ಕಿಂತ ಹಳೆಯ ಎಷ್ಟೋ ಕಾರುಗಳಲ್ಲೂ ಇದೆ. ಅಂಥ ಕಾರಿನಲ್ಲಿ ಹಾರನ್ ಪ್ಯಾಡಿನ ಹಿಂದೆ ಸ್ಫೋಟಕ ಇರುತ್ತದೆ. ಅದರ ಕೆಳಗೆ ಕ್ಲಾಕ್ ಸ್ಪ್ರಿಂಗ್ ಅಂತ ಸುರುಳಿ ಸುತ್ತಿದ ಪಟ್ಟಿ ವೈರು ಇರುತ್ತದೆ. ಅದನ್ನು ನಟ್ಟನಡುವೆ ಕೂರಿಸದೇ ಹೋದರೆ ಒಂದು ಪೂರ್ತಿ ತಿರುವಿಗೆ ಹರಿದು ಹೋಗಬಹುದು. ಆಮೇಲೆ ಹಾರನ್ನೂ ಇಲ್ಲ, ಏರ್‌ಬ್ಯಾಗೂ ಇಲ್ಲ. ಚೆಂದಕ್ಕಾಗಿ ಏರ್‌ಬ್ಯಾಗ್ ಕಿತ್ತು ಸಣ್ಣ ಸ್ಟೇರಿಂಗ್ ಹಾಕಿಸಿಕೊಂಡವರನ್ನು ನೋಡಿದ್ದೇನೆ. ನನಗಂತೂ ಅದು ಸರಿ ಕಾಣುವುದಿಲ್ಲ.

ಶುರುವಿನ ಕೆಲಸ ಸುಲಭ. ಚಕ್ರಗಳನ್ನು ನೇರ ಮಾಡಿ ನಿಲ್ಲಿಸಿದೆ. 10 ಎಂಎಂ ಪಾನದಿಂದ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದೆ. ನಡುವಿನ ಹಾರನ್ ಪ್ಯಾಡನ್ನು ಚಪ್ಪಟೆ ಸ್ಕ್ರೂ ಡ್ರೈವರಿಗೆ ಬಟ್ಟೆ ಸುತ್ತಿ ಮೀಟಿ ಎಬ್ಬಿಸಿದೆ. ಒಳಗೆ ದೊಡ್ಡ ನಟ್ಟು. 17 ಎಂಎಂ. ನಮ್ಮ ದಾವಣಗೆರೆ ಗಾಡಿಗಳೂ ಕೆಎ-17, ನಟ್ಟೂ 17. ಇದು ಶುಭ ಶಕುನ ಅಂದುಕೊಂಡೆ.

ಆಮೇಲೆ ಆಗಿದ್ದು ಮೊದಲೇ ಹೇಳಿದೆನಲ್ಲ. ಸ್ಟೇರಿಂಗನ್ನು ಹಿಡಿದಿರುವುದು ನಟ್ಟೊಂದೇ ಅಲ್ಲ. ಅದು ಕೂರುವ ಕಬ್ಬಿಣದ ದಂಡದ, ಅಂದರೆ ಶಾಫ್ಟಿನ, ತುದಿಯಲ್ಲಿ ಸುತ್ತಲೂ ಸಣ್ಣ ಹಲ್ಲುಗಳಿರುತ್ತವೆ. ಸ್ಟೇರಿಂಗಿನ ನಡುವಿನ ತೂತಿನಲ್ಲೂ ಅದಕ್ಕೆ ತಕ್ಕ ಹಲ್ಲು. ಎರಡೂ ಇಷ್ಟು ವರ್ಷ ಕಚ್ಚಿಕೊಂಡು, ಚೂರು ತುಕ್ಕೂ ಸೇರಿ ಒಂದಾಗಿರುತ್ತವೆ. ನಾನು ಸುತ್ತಿಗೆ ತಂದೆ. ಶಾಫ್ಟಿನ ತುದಿಗೆ ಎರಡು ಏಟು ಕೊಟ್ಟರೆ ಬಿಡುತ್ತದೆ ಅಂತ ಲೆಕ್ಕ. ಯಾಕೋ ಧೈರ್ಯ ಸಾಲಲಿಲ್ಲ. ಸ್ಕೂಟರ್ ಹತ್ತಿ ಪಿ.ಬಿ. ರಸ್ತೆ ಕಡೆಯ ಲೇತ್ ಅಂಗಡಿಗೆ ಹೋದೆ.

ಅಲ್ಲಿನ ಕಾಕಾಗೆ ಎಪ್ಪತ್ತರ ಹತ್ತಿರ ವಯಸ್ಸು. ಅವರ ಲೇತ್ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು. ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು, ಈ ಯಂತ್ರ ಮಾತ್ರ ಇನ್ನೂ ಗರಗರ ತಿರುಗುತ್ತಿದೆ. ನನ್ನ ಕಥೆ ಕೇಳಿ ಅವರು ಮೊದಲು ಕೇಳಿದ್ದು, "ಸುತ್ತಿಗಿ ಹಚ್ಚೀಯೇನೋ ತಮ್ಮಾ?"

"ಇಲ್ಲ ಕಾಕಾ, ಹಚ್ಚೋಣ ಅಂತಿದ್ದೆ."

"ಬ್ಯಾಡ. ಒಳಗ ಬೇರಿಂಗ್ ಅದಾವ. ಹೊಡದಿ ಅಂದ್ರ ಅವು ಹೋಗ್ತಾವ."

ಆಮೇಲೆ ಓದಿ ತಿಳಿದುಕೊಂಡ ಇನ್ನೊಂದು ಸಂಗತಿ. ಎಷ್ಟೋ ಕಾರುಗಳಲ್ಲಿ ಸ್ಟೇರಿಂಗ್ ಕಾಲಂ, ಅಂದರೆ ಶಾಫ್ಟು ಮತ್ತು ಅದರ ಹೊರಕೊಳವೆ, ಅಪಘಾತದಲ್ಲಿ ಎದೆಗೆ ಚುಚ್ಚದ ಹಾಗೆ ಕುಗ್ಗುವಂತೆ ಮಾಡಿರುತ್ತಾರೆ. ಅದರ ಉದ್ದವನ್ನು ಹಿಡಿದಿಡಲು ಪ್ಲಾಸ್ಟಿಕ್ ಪಿನ್ನುಗಳಿರುತ್ತವೆ. ಶಾಫ್ಟಿಗೆ ಸುತ್ತಿಗೆ ಏಟು ಬಿದ್ದರೆ ಆ ಪಿನ್ನುಗಳು ಮುರಿಯಬಹುದು. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ಬೇಕಿದ್ದದ್ದು ಪುಲ್ಲರ್. ಸ್ಟೇರಿಂಗಿನ ನಡುಭಾಗದಲ್ಲಿ ನಟ್ಟಿನ ಅಕ್ಕಪಕ್ಕ ಒಳಗೆ ಮರೆ, ಅಂದರೆ ಬೋಲ್ಟು ತಿರುಗಿಸಿ ಕೂರಿಸುವ ಸುರುಳಿ ಗೆರೆ, ಇರುವ ಎರಡು ತೂತುಗಳಿದ್ದವು. ಅವು ಯಾಕೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ಕಾಕಾ ಹೇಳಿದಂತೆ ಮನೆಗೆ ಬಂದು ಅದರ ಮೇಲೆ ಬಿಳಿ ಹಾಳೆ ಇಟ್ಟು, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಹೋದೆ. ಅವರು ದಪ್ಪ ಕಬ್ಬಿಣದ ಪಟ್ಟಿಗೆ ಆ ಅಳತೆಯಲ್ಲಿ ಎರಡು ತೂತು ಹೊಡೆದು, ನಡುವೆ ಮರೆ ಹಾಕಿ ಒಂದು ದೊಡ್ಡ ಬೋಲ್ಟು ಕೂರಿಸಿ ಕೊಟ್ಟರು. ಪಕ್ಕದ ಎರಡು ಬೋಲ್ಟು ಸ್ಟೇರಿಂಗನ್ನು ಹಿಡಿಯುತ್ತವೆ. ನಡುವಿನದು ಶಾಫ್ಟಿನ ತುದಿಯನ್ನು ಒತ್ತುತ್ತದೆ. ಬಿಗಿ ಮಾಡಿದ ಹಾಗೆಲ್ಲ ಸ್ಟೇರಿಂಗ್ ಮೇಲಕ್ಕೆ ಬರಬೇಕು. ಮುನ್ನೂರೈವತ್ತು ರೂಪಾಯಿ. ಜೊತೆಗೆ ಒಂದು ಬೈಗುಳ, ನಟ್ಟನ್ನು ಪೂರ್ತಿ ತೆಗೆದಿದ್ದಕ್ಕೆ. ನಾಲ್ಕು ಮರೆ ಹಿಡಿಯುವಷ್ಟು ಅಲ್ಲೇ ಬಿಡಬೇಕಂತೆ. ಸ್ಟೇರಿಂಗ್ ಫಟ್ ಅಂತ ಕಿತ್ತು ಬಂದರೆ ನೇರ ಮೂಗಿಗೇ.

ಇಷ್ಟು ಹೇಳಿಸಿಕೊಂಡೂ ತಪ್ಪು ಮಾಡಿದೆ. ಪಕ್ಕದ ಬೋಲ್ಟುಗಳು ಉದ್ದ ಇದ್ದವು. ಜಾಸ್ತಿ ಒಳಗೆ ಹೋದಷ್ಟೂ ಹಿಡಿತ ಒಳ್ಳೆಯದು ಅಂತ ತಿರುಗಿಸುತ್ತಲೇ ಹೋದೆ. ಒಳಗಿನಿಂದ 'ಟಕ್' ಅಂತು. ತೂತಿನ ಆ ಕಡೆ ದಾಟಿದ ಬೋಲ್ಟು, ಹಿಂದಿದ್ದ ಕಾಂಬಿನೇಶನ್ ಸ್ವಿಚ್ಚಿನ ಪ್ಲಾಸ್ಟಿಕ್ ಮುರಿದಿತ್ತು. ಇಂಡಿಕೇಟರ್, ಲೈಟು, ವೈಪರ್ ಎಲ್ಲದರ ಕಡ್ಡಿಗಳು ಕೂರುವ ಭಾಗ ಅದು. ಎಂಟು ಹತ್ತು ಸುತ್ತು ಸಾಕಿತ್ತು. ಗುಜರಿಯಲ್ಲಿ ಹುಡುಕಿ ಇನ್ನೊಂದು ಸ್ವಿಚ್ಚು ತರಲು ಆರುನೂರು ರೂಪಾಯಿ ಮತ್ತು ಒಂದು ಭಾನುವಾರ ಹೋಯಿತು.

ಸ್ಟೇರಿಂಗ್ ಬಂದದ್ದು ಮಾತ್ರ ಆರಾಮಾಗಿ. ನಡುವಿನ ಬೋಲ್ಟನ್ನು ಪಾನದಿಂದ ಮುಕ್ಕಾಲು ಸುತ್ತು ತಿರುಗಿಸಿದ್ದೇನೋ, 'ಕಟ್' ಅಂತ ಸದ್ದಾಗಿ ಸಡಿಲವಾಯಿತು. ಎಳೆದೂ ಎಳೆದೂ ಭುಜ ನೋಯಿಸಿಕೊಂಡಿದ್ದು ನೆನಪಾಗಿ ನಗು ಬಂತು. ತೆಗೆಯುವ ಮೊದಲು ಶಾಫ್ಟಿಗೂ ಸ್ಟೇರಿಂಗಿಗೂ ಸೇರಿಸಿ ಬಿಳಿ ಪೇಂಟಿನ ಒಂದು ಗೆರೆ ಎಳೆದಿದ್ದೆ. ಈ ಒಂದು ಬುದ್ಧಿ ನನಗೇ ಹೊಳೆದದ್ದು.

ಹೊಸ ಸ್ಟೇರಿಂಗ್ ನೇರವಾಗಿ ಶಾಫ್ಟಿಗೆ ಕೂರುವುದಿಲ್ಲ. ನಡುವೆ ಬಾಸ್ ಕಿಟ್ ಬೇಕು. ಅದರ ಒಂದು ಬದಿಯಲ್ಲಿ ನಿಮ್ಮ ಕಾರಿನ ಹಲ್ಲು, ಇನ್ನೊಂದು ಬದಿಯಲ್ಲಿ ಆರು ಬೋಲ್ಟಿನ ವೃತ್ತ. ಈ ವೃತ್ತದ್ದೇ ತಕರಾರು. ಮೊಮೊ, ಸ್ಪಾರ್ಕೊ, ಒಎಂಪಿ ಕಂಪನಿಗಳ ಸ್ಟೇರಿಂಗುಗಳಿಗೆ ಅದರ ಅಗಲ ಸಾಮಾನ್ಯವಾಗಿ 70 ಎಂಎಂ. ನಾರ್ಡಿಗೆ 74. ನಾನು ಸೆಕೆಂಡ್ ಹ್ಯಾಂಡಿನಲ್ಲಿ ತಂದ ಸ್ಟೇರಿಂಗ್ 74ರದ್ದು, ಬಾಸ್ 70ರದ್ದು. ಒಂದೊಂದು ತೂತೂ ಬರೀ 2 ಎಂಎಂ ಆಚೆ. ತೂತನ್ನು ಚೂರು ಉದ್ದ ಮಾಡಿಕೊಡಿ ಅಂತ ಕಾಕಾ ಹತ್ತಿರ ಹೋದೆ. ಅವರು ಸ್ಟೇರಿಂಗನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ಹೈವೇದಾಗ ಅದು ಕೈಗೆ ಬಂದ್ರ ಯಾರ್ ಹತ್ರ ಹೋಗ್ತಿ? ನನ್ ಹತ್ರನಾ?" ಸಿಟ್ಟು ಬಂತು, ಆದರೆ ಅವರು ಹೇಳಿದ್ದು ಖರೆ. ಮಾರಿದವನನ್ನು ಕಾಡಿಬೇಡಿ 70ರದ್ದಕ್ಕೆ ಬದಲಿಸಿಕೊಂಡೆ.

ಬಾಸ್ ಕೂರಿಸುವಾಗ ಎರಡು ಕಡೆ ಕಣ್ಣಿಡಬೇಕು. ಒಂದು, ಅದರ ಹಿಂದಿನ ಎರಡು ಗೂಟಗಳು ಕಾಂಬಿನೇಶನ್ ಸ್ವಿಚ್ಚಿನ ಬಳೆಯಲ್ಲಿ ಸರಿಯಾಗಿ ಸಿಗಬೇಕು. ಸಿಗದಿದ್ದರೆ ತಿರುವು ಮುಗಿದ ಮೇಲೂ ಇಂಡಿಕೇಟರ್ ತಾನಾಗಿ ಆಫ್ ಆಗುವುದಿಲ್ಲ. ಎರಡು, ಹಲ್ಲು. ಶಾಫ್ಟಿಗೆ 36 ಹಲ್ಲು ಇದ್ದರೆ ಒಂದು ಹಲ್ಲು ಆಚೀಚೆ ಆದರೂ 10 ಡಿಗ್ರಿ ಓರೆ. ರಸ್ತೆ ನೇರ ಇದ್ದರೂ ಸ್ಟೇರಿಂಗ್ ಸೊಟ್ಟ. ನನ್ನ ಬಿಳಿ ಗೆರೆ ಇಲ್ಲಿ ಕೆಲಸಕ್ಕೆ ಬಂತು. ನಟ್ಟನ್ನು ಅಂದಾಜಿನ ಮೇಲೆ ಬಿಗಿ ಮಾಡಲಿಲ್ಲ. ಗೆಳೆಯನ ಗ್ಯಾರೇಜಿನಿಂದ ಟಾರ್ಕ್ ರೆಂಚ್ ತಂದು, ಸರ್ವಿಸ್ ಮ್ಯಾನ್ಯುಯಲಿನಲ್ಲಿದ್ದ ಅಳತೆಗೇ ಹಾಕಿದೆ. ಆರು ಅಲೆನ್ ಬೋಲ್ಟುಗಳನ್ನು ಒಂದಾದ ಮೇಲೆ ಅದರ ಎದುರಿನದು, ಹೀಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ.

ಬ್ಯಾಟರಿ ತಂತಿ ಹಾಕಿ ಹಾರನ್ ಒತ್ತಿದೆ. ಆಯಿತು. ಗಾಡಿ ಹೊರಗೆ ತೆಗೆದು ವಿನೋಬನಗರದ ನಮ್ಮ ಓಣಿಯ ತಿರುವಲ್ಲಿ ಎಡಕ್ಕೆ ಹೊರಳಿಸಿದೆ ನೋಡಿ, ಹಾರನ್ ತಾನಾಗೇ ಪೇಂ ಅನ್ನತೊಡಗಿತು. ನೇರ ಮಾಡಿದರೆ ಸುಮ್ಮನೆ, ಎಡಕ್ಕೆ ತಿರುಗಿಸಿದರೆ ಪೇಂ. ಬೆಳಿಗ್ಗೆ ಆರೂವರೆ. ಎದುರು ಮನೆ ಆಂಟಿ ರಂಗೋಲಿ ಬಿಟ್ಟು ಎದ್ದು ನಿಂತರು.

ಕಾರಣ ಸಣ್ಣದು. ಹಾರನ್ ಗುಂಡಿಗೆ ಬರುವುದು ಒಂದೇ ವೈರು. ಗುಂಡಿ ಒತ್ತಿದಾಗ ಅದು ಕಬ್ಬಿಣಕ್ಕೆ ತಾಗಿ ಅರ್ಥ್ ಆಗುತ್ತದೆ, ಹಾರನ್ ಕೂಗುತ್ತದೆ. ಬಾಸ್ ಕೂರಿಸುವಾಗ ಆ ವೈರು ಅಂಚಿಗೆ ಸಿಕ್ಕಿ ಸಿಪ್ಪೆ ಸುಲಿದಿತ್ತು. ತಿರುಗಿಸಿದಾಗ ಬಾಸಿಗೆ ತಾಗುತ್ತಿತ್ತು. ಮತ್ತೆ ಬಿಚ್ಚಿ, ವೈರಿಗೆ ಪ್ಲಾಸ್ಟಿಕ್ ಸ್ಲೀವ್ ತೊಡಿಸಿ, ಚೂರು ಸಡಿಲ ಬಿಟ್ಟು ಕಟ್ಟಿದೆ.

ಬಾತಿ ಕಡೆ ಹೈವೇಯಲ್ಲಿ ಹೋಗಿ ಬಂದೆ. ಹಿಡಿತ ಚೆನ್ನಾಗಿತ್ತು. ವಾಪಸ್ ಬರುವಾಗ ಒಂದು ಬೆಣ್ಣೆ ದೋಸೆ ತಿಂದೆ, ಆಮೇಲೆ ಇನ್ನೊಂದು. ನೂರು ಕಿಲೋಮೀಟರ್ ಆದಮೇಲೆ ನಟ್ಟು ಬೋಲ್ಟು ಎಲ್ಲ ಮತ್ತೊಮ್ಮೆ ನೋಡಿದೆ. ಏನೂ ಸಡಿಲ ಆಗಿರಲಿಲ್ಲ.

ಯಾರೂ ಮೊದಲೇ ಹೇಳದ ತೊಂದರೆಗಳು ಆಮೇಲೆ ಗೊತ್ತಾದವು. ಬಾಸಿನ ದಪ್ಪಕ್ಕೆ ಸ್ಟೇರಿಂಗ್ ಎದೆಯ ಹತ್ತಿರ ಬರುತ್ತದೆ. ಇಂಡಿಕೇಟರ್ ಕಡ್ಡಿ ಬೆರಳಿಗೆ ದೂರವಾಗುತ್ತದೆ. ಮೀಟರಿನ ಮೇಲ್ತುದಿ ಮರೆಯಾಗುತ್ತದೆ. ನಮ್ಮದಕ್ಕೆ ಪವರ್ ಸ್ಟೇರಿಂಗ್ ಇಲ್ಲ. ಹಳೆಯದಕ್ಕಿಂತ ಎರಡು ಬೆರಳು ಚಿಕ್ಕದಾದ ಸ್ಟೇರಿಂಗ್ ಓಡುವಾಗ ಅಷ್ಟು ಭಾರ ಅನ್ನಿಸುವುದಿಲ್ಲ, ನಿಂತಲ್ಲಿ ತಿರುಗಿಸಲು ಭಾರ. ಮಂಡಿಪೇಟೆಯಲ್ಲಿ ಎರಡು ಲಗೇಜ್ ಆಟೋಗಳ ನಡುವೆ ಗಾಡಿ ಹೊರಳಿಸಲು ಹೋದ ಅಪ್ಪ ಬೆವತುಹೋಗಿ, ಕಾರು ಅಲ್ಲೇ ಬಿಟ್ಟು ನನಗೆ ಫೋನ್ ಮಾಡಿದ್ದರು.

2024ರಲ್ಲಿ ಆರ್‌ಸಿ ನವೀಕರಣ ಬಂತು. ಕಂಪನಿ ಕೊಟ್ಟ ರೂಪವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಕಡಿವಾಣ ಇದೆ. ವಾದ ಮಾಡುವ ಉಮೇದು ನನಗಿರಲಿಲ್ಲ. ಹಳೇ ಸ್ಟೇರಿಂಗನ್ನು ಅಟ್ಟದಿಂದ ಇಳಿಸಿ, ಅದಕ್ಕೆ ಚರ್ಮದ ಹೊಲಿಗೆ ಹಾಕಿಸಿ ತಂದೆ. ಈ ಸಲ ಬಿಚ್ಚಿ ಹಾಕಲು ಇಪ್ಪತ್ತೇ ನಿಮಿಷ. ತಪಾಸಣೆ ಮುಗಿಸಿ ಬಂದ ಮೇಲೆ ಅಪ್ಪ ಒಂದು ಸುತ್ತು ಹಾಕಿಕೊಂಡು ಬಂದರು. ಕೀಲಿಯನ್ನು ನನ್ನ ಕೈಗೆ ಕೊಡದೆ ತಮ್ಮ ಜೇಬಿಗೇ ಹಾಕಿಕೊಂಡರು. ಸ್ಪೋರ್ಟ್ಸ್ ಸ್ಟೇರಿಂಗ್ ಈಗ ಅಟ್ಟದ ಮೇಲಿದೆ. ಪುಲ್ಲರ್ ಮಾತ್ರ ಮನೆಯಲ್ಲಿ ನಿಂತಿದ್ದಿಲ್ಲ. ಸದ್ಯಕ್ಕೆ ನಿಟುವಳ್ಳಿಯ ಗೆಳೆಯನೊಬ್ಬನ ಹತ್ತಿರ ಇದೆ. ಕೊಡುವಾಗ ಪಕ್ಕದ ಬೋಲ್ಟುಗಳಿಗೆ ಎಂಟನೇ ಮರೆಯ ಹತ್ತಿರ ಕೆಂಪು ನೇಲ್ ಪಾಲಿಶ್ ಹಚ್ಚಿ ಕೊಟ್ಟಿದ್ದೇನೆ.