ಹಾಕೋದು ಸುಲಭ, ಮುಟ್ಟದೆ ಇರೋದಕ್ಕೆ ಏರ್ಪಾಡು ಬೇಕು: ನನ್ನ ಇಂಡೆಕ್ಸ್ ಫಂಡ್ ಅನುಭವ

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. 2006ರ ಏಪ್ರಿಲ್ 1ರ ನಂತರ ಕೆಲಸಕ್ಕೆ ಸೇರಿದವಳು, ಅಂದರೆ ಹಳೆ ಪಿಂಚಣಿ ಇಲ್ಲ, ಎನ್‌ಪಿಎಸ್ (ಇಷ್ಟೇ ಬರುತ್ತದೆ ಅನ್ನೋ ಖಾತ್ರಿ ಇಲ್ಲದ ಹೊಸ ಪಿಂಚಣಿ) ಮಾತ್ರ. ಹಾಗಾಗಿ ನಿವೃತ್ತಿಗೆ ಅಂತ ಬೇರೆ ಏನಾದರೂ ಕೂಡಿಡಬೇಕು ಅನ್ನೋದು ಮೊದಲಿನಿಂದಲೂ ತಲೆಯಲ್ಲಿತ್ತು. ನಮ್ಮ ಸ್ಟಾಫ್ ರೂಮಿನಲ್ಲಿ ಉಳಿತಾಯ ಅಂದರೆ ಚೀಟಿ, ಎಲ್‌ಐಸಿ, ಚಿನ್ನ, ಇಲ್ಲಾಂದ್ರೆ ಊರಾಚೆ ಒಂದು ಸೈಟು. ಸೈಟಿಗೆ ಒಟ್ಟಿಗೆ ಲಕ್ಷಗಟ್ಟಲೆ ಬೇಕು, ಚೀಟಿಗೆ ಅದನ್ನು ನಡೆಸುವವರ ಮೇಲೆ ಪೂರ್ತಿ ನಂಬಿಕೆ ಬೇಕು. ನನಗೆ ಬೇಕಿದ್ದದ್ದು ಸಂಬಳದಲ್ಲಿ ತಿಂಗಳು ತಿಂಗಳು ಸ್ವಲ್ಪ ಹಾಕಿ ಹದಿನೈದು ಇಪ್ಪತ್ತು ವರ್ಷ ಬಿಡಬಹುದಾದ ಜಾಗ. 2017ರಲ್ಲಿ ಒಂದು ನಿಫ್ಟಿ 50 ಇಂಡೆಕ್ಸ್ ಫಂಡಿನಲ್ಲಿ (ಒಂದು ಷೇರು ಪಟ್ಟಿಯನ್ನು ಹಾಗೇ ನಕಲು ಮಾಡುವ ಮ್ಯೂಚುವಲ್ ಫಂಡ್) ಎಸ್‌ಐಪಿ, ಅಂದರೆ ತಿಂಗಳು ತಿಂಗಳು ತಾನಾಗೇ ಕಟ್ ಆಗುವ ಕಂತು, ಶುರು ಮಾಡಿದೆ. ಇವತ್ತಿಗೂ ಅದೇ ನಡೆಯುತ್ತಿದೆ.

ನಿಫ್ಟಿ 50 ಅಂದರೆ ಎನ್‌ಎಸ್‌ಇ ಅನ್ನೋ ಷೇರುಪೇಟೆಯಲ್ಲಿ ಇರುವ 50 ದೊಡ್ಡ ಕಂಪನಿಗಳ ಪಟ್ಟಿ. ಅದರಲ್ಲೂ ದೊಡ್ಡ ಕಂಪನಿಗೆ ಜಾಸ್ತಿ ಪಾಲು, ಚಿಕ್ಕದಕ್ಕೆ ಕಡಿಮೆ. ಫಂಡಿನವರು ಅದೇ ಪಟ್ಟಿಯನ್ನು ಅದೇ ಪ್ರಮಾಣದಲ್ಲಿ ಕೊಂಡಿಟ್ಟುಕೊಳ್ಳುತ್ತಾರೆ, ಅಷ್ಟೇ. ಯಾವ ಕಂಪನಿ ಏರುತ್ತದೆ ಅಂತ ಯಾರೂ ಊಹೆ ಮಾಡಬೇಕಿಲ್ಲ. ವರ್ಷಕ್ಕೆ ಎರಡು ಸಲ ಪಟ್ಟಿಯನ್ನು ಮತ್ತೆ ನೋಡುತ್ತಾರೆ, ಹಿಂದೆ ಬಿದ್ದವು ಹೊರಗೆ ಹೋಗುತ್ತವೆ, ಬೆಳೆದವು ಒಳಗೆ ಬರುತ್ತವೆ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್ ಹೋಗಿ ಶ್ರೀ ಸಿಮೆಂಟ್ ಬಂತು. 2024ರ ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ಬೆಂಗಳೂರಿನ ಬಿಇಎಲ್ ಒಳಗೆ ಬಂತು. ಇದ್ಯಾವುದಕ್ಕೂ ನಾನು ಒಂದು ಬಟನ್ ಕೂಡ ಒತ್ತಲಿಲ್ಲ. ದಿನವಿಡೀ ತರಗತಿಯಲ್ಲಿ ಇರುವವಳಿಗೆ ಇದಕ್ಕಿಂತ ಇನ್ನೇನು ಬೇಕು?

ಯಾವ ಫಂಡ್ ಅನ್ನೋದರ ಮೇಲೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಎಲ್ಲಾ ನಿಫ್ಟಿ ಫಂಡುಗಳ ಒಳಗೂ ಇರುವುದು ಅದೇ 50 ಕಂಪನಿ ಅಲ್ವಾ. ನೋಡಿದ್ದು ಎರಡೇ: ಎಕ್ಸ್‌ಪೆನ್ಸ್ ರೇಶಿಯೋ (ಫಂಡ್ ನಡೆಸೋಕೆ ಅಂತ ವರ್ಷ ವರ್ಷ ನಮ್ಮ ದುಡ್ಡಿನಲ್ಲಿ ಕಟ್ ಮಾಡುವ ಶೇಕಡಾವಾರು ಖರ್ಚು) ಕಡಿಮೆ ಇದೆಯಾ, ನಿಫ್ಟಿಯ ಲಾಭಕ್ಕೂ (ಡಿವಿಡೆಂಡ್ ಸೇರಿಸಿ ಲೆಕ್ಕ ಹಾಕುವ ಟಿಆರ್‌ಐ) ಫಂಡಿನ ಲಾಭಕ್ಕೂ ಅಂತರ ಚಿಕ್ಕದಿದೆಯಾ. ಆಮೇಲೆ ಡೈರೆಕ್ಟ್ ಪ್ಲಾನ್, ಗ್ರೋತ್ ಆಯ್ಕೆ (ಲಾಭವನ್ನು ಹಂಚದೆ ಫಂಡಿನಲ್ಲೇ ಬೆಳೆಯಲು ಬಿಡುವುದು). 2013ರ ಜನವರಿಯಿಂದ ಎಲ್ಲಾ ಫಂಡುಗಳಲ್ಲೂ ಡೈರೆಕ್ಟ್ ಪ್ಲಾನ್ ಇದೆ, ಅದರಲ್ಲಿ ಏಜೆಂಟರ ಕಮಿಷನ್ ಇರುವುದಿಲ್ಲ.

ಈ ಖರ್ಚಿನ ವಿಷಯವನ್ನು ಒಮ್ಮೆ ಪೇಪರ್ ಮೇಲೆ ಲೆಕ್ಕ ಹಾಕಿ ನೋಡಲೇಬೇಕು. ತಿಂಗಳಿಗೆ 10,000 ರೂಪಾಯಿ, 20 ವರ್ಷ ಅಂದುಕೊಳ್ಳಿ. ಕಟ್ಟುವುದು 24 ಲಕ್ಷ. ವರ್ಷಕ್ಕೆ 12% ಸಿಕ್ಕರೆ ಕೊನೆಗೆ ಹತ್ತಿರ ಹತ್ತಿರ 1 ಕೋಟಿ. ಅದರಲ್ಲಿ 1% ಖರ್ಚಿಗೆ ಹೋಗಿ 11% ಮಾತ್ರ ಕೈಗೆ ಬಂದರೆ? ಸುಮಾರು 87 ಲಕ್ಷ. ಹನ್ನೆರಡೂವರೆ ಲಕ್ಷ ವ್ಯತ್ಯಾಸ, ಅಂದರೆ ನಾವು ಕಟ್ಟಿದ್ದರಲ್ಲಿ ಅರ್ಧದಷ್ಟು! 12% ಬಂದೇ ಬರುತ್ತದೆ ಅಂತ ನಾನು ಹೇಳುತ್ತಿಲ್ಲ, ಯಾರೂ ಹೇಳೋಕಾಗಲ್ಲ. ಆದರೆ ಲಾಭ ಎಷ್ಟೇ ಬರಲಿ, ಖರ್ಚು ಮಾತ್ರ ತಪ್ಪದೆ ಕಟ್ ಆಗುತ್ತದೆ. ನಮ್ಮ ಕೈಯಲ್ಲಿರುವುದು ಅದನ್ನು ಕಡಿಮೆ ಮಾಡಿಕೊಳ್ಳೋದು ಮಾತ್ರ.

ಶುರು ಮಾಡುವ ಮೊದಲು ನಾನು ಹಳೆಯ ಅಂಕಿಗಳನ್ನೂ ನೋಡಿದ್ದೆ. 2008ರ ಜನವರಿಯಲ್ಲಿ ನಿಫ್ಟಿ (ಆ 50 ಕಂಪನಿಗಳ ಷೇರು ಬೆಲೆ ಒಟ್ಟಾರೆ ಎಲ್ಲಿದೆ ಅಂತ ತೋರಿಸುವ ಅಂಕಿ) 6,300ರ ಹತ್ತಿರ ಇತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ 2,500ಕ್ಕಿಂತ ಕೆಳಗೆ ಹೋಯಿತು. 2010ರ ನವೆಂಬರ್‌ನಲ್ಲಿ ಮತ್ತೆ 6,300 ಮುಟ್ಟಿ ವಾಪಸ್ ಇಳಿಯಿತು, 2013ರ ಕೊನೆಯಲ್ಲೂ ಅಲ್ಲೇ ಸುತ್ತಾಡುತ್ತಿತ್ತು. ಹೆಚ್ಚುಕಡಿಮೆ ಆರು ವರ್ಷ, ನಿಂತಲ್ಲೇ. ಇದನ್ನು ನೋಡಿದ ಮೇಲೆಯೇ ಗಟ್ಟಿ ಮಾಡಿಕೊಂಡೆ: ಹತ್ತು ವರ್ಷದೊಳಗೆ ಬೇಕಾಗುವ ಒಂದು ರೂಪಾಯಿಯೂ ಇಲ್ಲಿಗೆ ಬರಬಾರದು.

ಅದಕ್ಕೇ ಎಸ್‌ಐಪಿಗಿಂತ ಮೊದಲು ಬೇರೆ ಕೆಲಸ ಮುಗಿಸಿದೆ. ಆರು ತಿಂಗಳ ಮನೆ ಖರ್ಚು ಎಫ್‌ಡಿಯಲ್ಲಿ. ಮನೆಯವರೆಲ್ಲರಿಗೂ ಆರೋಗ್ಯ ವಿಮೆ. ಮಗಳ ಕಾಲೇಜಿನ ಫೀಸಿಗೆ ಬೇರೆಯೇ ಒಂದು ಆರ್‌ಡಿ. ಇವೆಲ್ಲ ಆದ ಮೇಲೆ ಉಳಿದದ್ದರಲ್ಲಿ 2,000 ರೂಪಾಯಿಗೆ ಎಸ್‌ಐಪಿ. ಸಂಬಳ ಬಂದ ಮೇಲೆ ದುಡ್ಡು ಖರ್ಚಾಗೋ ಮೊದಲೇ ಕಟ್ ಆಗುವ ಹಾಗೆ ತಾರೀಖು ಇಟ್ಟುಕೊಂಡೆ. ಪ್ರತಿ ಇನ್‌ಕ್ರಿಮೆಂಟ್ ಬಂದಾಗ ಅದರಲ್ಲಿ ಒಂದು ಪಾಲನ್ನು ಎಸ್‌ಐಪಿಗೆ ಸೇರಿಸುತ್ತಾ ಬಂದೆ. ನಾಮಿನಿ ಹೆಸರು ಮೊದಲ ದಿನವೇ ಹಾಕಿದೆ. ದಯವಿಟ್ಟು ನೀವೂ ಹಾಕಿ, ಸುಮ್ನೆ ಮುಂದೂಡಬೇಡಿ.

ಈ ಏರ್ಪಾಡು ಕೆಲಸಕ್ಕೆ ಬಂದಿದ್ದು 2020ರಲ್ಲಿ. ಜನವರಿಯಲ್ಲಿ 12,400ರವರೆಗೆ ಹೋಗಿದ್ದ ನಿಫ್ಟಿ ಮಾರ್ಚ್ 23ಕ್ಕೆ 7,610. ಮೂರು ವರ್ಷ ಕಟ್ಟಿದ್ದ ದುಡ್ಡು ನಾನು ಹಾಕಿದ್ದಕ್ಕಿಂತ ಕಡಿಮೆ ತೋರಿಸುತ್ತಿತ್ತು. ನಮ್ಮ ಮನೆಯವರು, "ಉಳಿದಿದ್ದನ್ನಾದರೂ ತೆಗೆದುಬಿಡು" ಅಂದರು. ಅವರ ಮಾತಿನಲ್ಲೂ ಅರ್ಥವಿತ್ತು, ಲಾಕ್‌ಡೌನ್‌ನಲ್ಲಿ ಅವರ ಅಂಗಡಿ ಬಾಗಿಲು ಹಾಕಿತ್ತು. ನಾನು ಎಫ್‌ಡಿ ಬಾಂಡ್ ತಂದು ಅವರ ಮುಂದಿಟ್ಟೆ. "ಇದು ಖಾಲಿ ಆಗುವವರೆಗೂ ಅದನ್ನು ಮುಟ್ಟೋ ಅಗತ್ಯ ಇಲ್ಲ" ಅಂದೆ. ಆಮೇಲೆ ಅವರು ಆ ಮಾತು ಎತ್ತಲಿಲ್ಲ. ಏಪ್ರಿಲ್ ಕಂತು ಎಂದಿನಂತೆ ಹೋಯಿತು. ಸ್ಟೇಟ್‌ಮೆಂಟ್‌ನಲ್ಲಿ ಯೂನಿಟ್ (ಕಟ್ಟಿದ ದುಡ್ಡಿಗೆ ಸಿಗುವ ಫಂಡಿನ ಪಾಲು) ಕಾಲಂ ನೋಡಿದರೆ ಅಷ್ಟೇ ದುಡ್ಡಿಗೆ ಜನವರಿಗಿಂತ ಮೂರನೇ ಒಂದು ಪಾಲಿನಷ್ಟು ಜಾಸ್ತಿ ಯೂನಿಟ್ ಬಂದಿತ್ತು. ಬೆಲೆ ಇಳಿದಾಗ ಕಂತು ಕಟ್ಟಿದರೆ ಏನಾಗುತ್ತದೆ ಅನ್ನೋದು ಆ ಒಂದು ಸಾಲಿನಲ್ಲಿ ಕಣ್ಣಿಗೆ ಕಾಣುತ್ತಿತ್ತು. ಆ ವರ್ಷದ ನವೆಂಬರ್ ಹೊತ್ತಿಗೆ ನಿಫ್ಟಿ ಹಳೆಯ ಎತ್ತರ ದಾಟಿತು. ಇಷ್ಟು ಬೇಗ ದಾಟದೆ 2008ರ ಹಾಗೆ ವರ್ಷಗಟ್ಟಲೆ ಎಳೆದಿದ್ದರೂ ನಮ್ಮ ಲೆಕ್ಕ ಕೆಡುತ್ತಿರಲಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ನಿಫ್ಟಿ 26,000 ದಾಟಿ, 2025ರ ಮಾರ್ಚ್ ಹೊತ್ತಿಗೆ 22,000ದ ಆಸುಪಾಸಿಗೆ ಇಳಿದಾಗ ಮನೆಯಲ್ಲಿ ಯಾರೂ ಕೇಳಲೂ ಇಲ್ಲ.

ತೆರಿಗೆ ಬಗ್ಗೆ ಇಷ್ಟು ಗೊತ್ತಿರಲಿ. 2024ರ ಜುಲೈ 23ರಿಂದ ಬಂದ ನಿಯಮದ ಪ್ರಕಾರ, ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಯೂನಿಟ್ ಮಾರಿದರೆ, ಆರ್ಥಿಕ ವರ್ಷದಲ್ಲಿ 1.25 ಲಕ್ಷ ದಾಟಿದ ಲಾಭದ ಮೇಲೆ 12.5% ತೆರಿಗೆ. ವರ್ಷದೊಳಗೆ ಮಾರಿದರೆ 20%. ಇಟ್ಟುಕೊಂಡೇ ಇದ್ದರೆ ತೆರಿಗೆ ಇಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರುಗಳು, "ಮೇಡಂ, ಈಗ ಮಾರ್ಕೆಟ್ ಮೇಲಿದೆ, ಇಳಿಯಲಿ ಅಂತ ಕಾಯಲಾ?" ಅಂತ ಕೇಳುತ್ತಾರೆ. ಕಾಯಬೇಡಿ, 500 ರೂಪಾಯಿಯಿಂದಲೇ ಶುರು ಮಾಡಿ, ಆದರೆ ಎಫ್‌ಡಿ ಮೊದಲು ಅನ್ನುತ್ತೇನೆ. ನನ್ನ ನಿವೃತ್ತಿಗೆ ಐದು ವರ್ಷ ಇರುವಾಗಿನಿಂದ ಪ್ರತಿ ವರ್ಷ ಒಂದಿಷ್ಟು ತೆಗೆದು ಎಫ್‌ಡಿಗೆ ಹಾಕುತ್ತಾ ಹೋಗಬೇಕು ಅಂತಿದ್ದೇನೆ. ಹಾಗೆ ಮಾಡಿದರೆ ಪ್ರತಿ ವರ್ಷ ಆ 1.25 ಲಕ್ಷದ ವಿನಾಯಿತಿಯೂ ಸಿಗುತ್ತದೆ, ನಿವೃತ್ತಿಯ ವರ್ಷವೇ ಮಾರ್ಕೆಟ್ ಬಿದ್ದರೂ ಮೊದಲ ಕೆಲವು ವರ್ಷದ ಖರ್ಚು ಆಗಲೇ ಕೈಯಲ್ಲಿರುತ್ತದೆ.